ಸುಣ್ಣ ಹಚ್ಚಿದ ಮಾಡಗಳು

ಸಿಂದಗಿಯಲ್ಲಿ ನಾನು ಕೆಲಸ ಮಾಡುವ ಗ್ರಂಥಾಲಯದ ಮಗ್ಗುಲಿಗೇ ಒಂದು ಹಿಟ್ಟಿನ ಗಿರಣಿ ಇದೆ. ಮಧ್ಯಾಹ್ನ ಕರೆಂಟು ಬಂತೆಂದರೆ ಗಿರಣಿ ಶುರು, ಬಿಸಿ ಜೋಳದ ಹಿಟ್ಟಿನ ವಾಸನೆ ಕಿಟಕಿಯಿಂದ ನೇರ ಓದುವ ಕೋಣೆಗೆ ನುಗ್ಗುತ್ತದೆ. ಪೇಪರು ಓದಲು ಬರುವ ಮುದುಕರಿಗೆ ಆ ವಾಸನೆ ಅಂದರೆ ಜೀವ. "ಏನ್ ಘಮಾ ಐತ್ರಿ ಮೇಡಂ, ಎರಡ ಬಿಸಿ ರೊಟ್ಟಿ ಇದ್ದಿದ್ರ!" ಅನ್ನುತ್ತಾರೆ. ನಾನು ಎದ್ದು ಹೋಗಿ ಕಿಟಕಿ ಮುಚ್ಚುತ್ತೇನೆ. ಈ ಮೇಡಂ ಭಾಳ ಸಿಡುಕಿ ಅಂತ ಅವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವುದು ನನಗೆ ಕೇಳಿಸುತ್ತದೆ. ಮಾತಾಡಲಿ, ಸುಳ್ಳೇನಲ್ಲ. ಆದರೆ ಕಿಟಕಿ ಮುಚ್ಚುವುದು ಸಿಡುಕಿಗಲ್ಲ. ಆ ವಾಸನೆಗೆ ಹನ್ನೆರಡು ವರ್ಷದ ಹಿಂದಿನ ಒಂದು ಎಳ್ಳಮಾಸಿಯ, ಎಳ್ಳು ಅಮಾವಾಸ್ಯೆಯ, ಚಳಿಗಾಲ ಎದ್ದು ಬರುತ್ತದೆ. ಅದು ಬಂದ ದಿನ ಉಂಡದ್ದು ಮೈಗೆ ಹತ್ತುವುದಿಲ್ಲ.

ಆಗ ನಾನು ವಿಜಯಪುರದಲ್ಲಿ ಗ್ರಂಥಾಲಯ ವಿಜ್ಞಾನ ಓದುತ್ತಿದ್ದೆ. ಇಂಡಿ ಕಡೆಯ ಹಳ್ಳಿಯವಳು, ಲಿಂಬೆ ಗಿಡದ ನೆರಳಲ್ಲಿ ಬೆಳೆದವಳು, ನಮ್ಮ ಮನೆಯಲ್ಲಿ ಪಂಚಾಂಗ ಬಿಟ್ಟರೆ ಬೇರೆ ಪುಸ್ತಕವೇ ಇರಲಿಲ್ಲ. ನನ್ನ ಹತ್ತಿರ ಇದ್ದದ್ದು ಎರಡೇ: ಮುತ್ತು ಪೋಣಿಸಿದಂಥ ಅಕ್ಷರ, ಮತ್ತೆ ಎಲ್ಲರಿಗಿಂತ ಮುಂದೆ ಇರಬೇಕೆಂಬ ಹಾಳು ಹಟ. ಕ್ಲಾಸಿನಲ್ಲಿ ಎಂಟೇ ಜನ. ಬಸವನ ಬಾಗೇವಾಡಿಯ ನೀಲಾ ನನ್ನ ಜೀವದ ಗೆಳತಿ, ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದೆವು.

ಕಾರ್ತೀಕ ಮಾಸದಲ್ಲಿ ನಮ್ಮ ಮೇಡಂ ನಮ್ಮನ್ನು ತಾಳಿಕೋಟೆಯಿಂದ ಮುದ್ದೇಬಿಹಾಳಕ್ಕೆ ಹೋಗುವ ಹಾದಿಯ ಒಂದು ಊರಿಗೆ ಕರೆದೊಯ್ದರು. ಒಂದೇ ವಿಷಯಕ್ಕೆ ಮೀಸಲಾದ ಸಂಗ್ರಹಾಲಯ, ಅದರೊಳಗೇ ಗ್ರಂಥಾಲಯ, ಅದನ್ನು ನೋಡಿ ವರದಿ ಬರೆಯಬೇಕು. ಟಂಟಂ ರಿಕ್ಷಾದಿಂದ ಇಳಿದು ನೋಡಿದರೆ ಮಣ್ಣಿನ ಮಾಳಿಗೆಯ ಹಳೇ ಮನೆ. ಬಾಗಿಲಲ್ಲಿ ಧೋತರ ಉಟ್ಟ ಒಬ್ಬ ಹಿರಿಯರು. ಕನ್ನಡ ಸಾಲಿಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದ ಬಸಲಿಂಗಪ್ಪ ಮಾಸ್ತರು.

"ಬರ್ರಿ, ಬರ್ರಿ. ಚಪ್ಪಲ್ ಹೊರಗ ಬಿಡ್ರಿ. ಒಳಗ ಕಲ್ಲ ಅದಾವು ಅನಬ್ಯಾಡ್ರಿ, ಮಂದಿ ಕುಂತಾರ ಅಂತ ತಿಳಕೊಳ್ರಿ."

ಒಳಗೆ ಬೀಸುಕಲ್ಲು. ಪಡಸಾಲೆ, ನಡುಮನೆ, ಹಿಂದಿನ ಕೋಣೆ, ಎಲ್ಲಾ ಗೋಡೆಗುಂಟ ಸಾಲಾಗಿ ಐವತ್ತೆಂಟು ಬೀಸುಕಲ್ಲು. ಪ್ರತಿ ಕಲ್ಲಿನ ಹಿಂದೆ ಗೋಡೆಯೊಳಗೆ ದೀಪ ಇಡುವಂಥ ಒಂದು ಮಾಡ, ಮಾಡದೊಳಗೆ ಒಂದು ನೋಟುಬುಕ್ಕು. ಗಿರಣಿಗಳು ಬಂದ ಮೇಲೆ ಮಂದಿ ಬೀಸುಕಲ್ಲನ್ನು ತಿಪ್ಪೆಗೆ ಎಸೆಯತೊಡಗಿದಾಗ, ಮಾಸ್ತರು ಊರೂರು ತಿರುಗಿ ಕಲ್ಲು ಬೇಡಿ ತಂದಿದ್ದರು. ಬರೇ ಕಲ್ಲು ತರಲಿಲ್ಲ. ಆ ಕಲ್ಲಿನ ಮುಂದೆ ಜೀವಮಾನವಿಡೀ ಕೂತು ಬೀಸಿದ ಮುದುಕಿಯನ್ನು ಹಾಡಿಸಿ, ಆಕೆ ಹಾಡಿದ್ದನ್ನೆಲ್ಲ ಬರೆದುಕೊಂಡು ಬಂದಿದ್ದರು. ಒಂದು ಕಲ್ಲಿಗೆ ಒಂದು ನೋಟುಬುಕ್ಕು. ಮೂವತ್ತು ವರ್ಷದ ಕೆಲಸ ಅದು.

ನೀಲಾ ಒಂದು ನೋಟುಬುಕ್ಕು ತೆರೆದು ನೋಡಿದಳು. "ಯಾರ ಹಾಡ್ಯಾರಂತ ಹೆಸರಽ ಬರದಿಲ್ಲಲ್ರಿ ಸರ?"

"ಬರೀಗೊಡಲಿಲ್ಲ ತಂಗಿ. 'ಹಾಡ ಬರಕೋ ಮಾಸ್ತರ, ಹೆಸರ ಬ್ಯಾಡ' ಅಂದ್ರು. ಅತ್ತಿ ಕಾಟ, ಗಂಡನ ಹೊಡತ, ಮನಸಿನಾಗಿನ ಸಂಕಟ ಎಲ್ಲಾ ಹಾಡಿನಾಗ ಹಾಕ್ಯಾರ. ನಾಳೆ ಯಾರರೆ ಓದಿ, ಇಂಥಾಕಿ ಹಿಂಗ ಹಾಡ್ಯಾಳ ಅಂದ್ರ ಮನಿ ಮರ್ಯಾದಿ ಏನಾಗಬೇಕು? ಒಬ್ಬೊಬ್ಬಾಕಿಗೂ ಮಾತ ಕೊಟ್ಟೇನಿ. ಕಲ್ಲಽ ಅವರ ಸಹಿ."

ಆಮೇಲೆ ಅವರು ಮಾಡಿ ತೋರಿಸಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಕಣ್ಣು ಮುಚ್ಚಿ ಒಂದು ಕಲ್ಲಿನ ಮುಂದೆ ಕೂತರು. ಕಲ್ಲಿನ ಅಂಚು ಸವರಿದರು, ಗೂಟ ಹಿಡಿದರು. "ಇದು ಎಡಗೈಲೆ ಬೀಸಾಕಿದು. ಗೂಟ ನೋಡ್ರಿ, ಈ ಮಗ್ಗಲಕ ಸವದೈತಿ. ಆಲಮೇಲದಾಕಿ. ಭಾಳ ಸಂಕಟ ಉಂಡ ಜೀವ." ತಿರುಗಿ ನೋಡದೆ ಕೈ ಹಿಂದೆ ಚಾಚಿ ಮಾಡದಿಂದ ನೋಟುಬುಕ್ಕು ತೆಗೆದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅದು ಗಮ್ಮತ್ತಿಗೆ ಮಾಡಿದ್ದಲ್ಲ ಅಂತ ಆಮೇಲೆ ಗೊತ್ತಾಯಿತು. ಕಾಚಬಿಂದು ಆಗಿ ಅವರ ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದು ದಿನಾ ಮಸುಕಾಗುತ್ತಿತ್ತು. ಅವರು ಕತ್ತಲೆಗೆ ತಯಾರಾಗುತ್ತಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಒಂದೇ ಹುಳ. ಇಷ್ಟು ದೊಡ್ಡ ಸಂಗ್ರಹ, ಒಂದು ಸಂಖ್ಯೆ ಇಲ್ಲ, ಸೂಚಿ ಇಲ್ಲ, ಕಪಾಟಿಲ್ಲ! ವರ್ಷದ ಪ್ರಾಯೋಗಿಕ ಕೆಲಸ ಇಲ್ಲೇ ಮಾಡೋಣ ಅಂತ ಮೇಡಂ ಮುಂದೆ ಮೊದಲು ಬಾಯಿ ತೆರೆದವಳು ನಾನೇ. ಮೇಡಂಗೆ ಖುಷಿಯಾಯಿತು. ಮಾಸ್ತರರಿಗೆ ಇನ್ನೂ ಖುಷಿ. "ನನ್ನ ಹಿಂದ ಇದನ್ನ ಯಾರ ನೋಡಕೋತಾರ ಅಂತ ಚಿಂತಿ ಆಗಿತ್ತು, ದೇವರ ಬಂದಂಗ ಬಂದ್ರಿ" ಅಂದರು. ಕಣ್ಣಿನ ಆಪರೇಷನ್ನಿಗೆ ಮಗಳ ಜೊತೆ ದವಾಖಾನೆಗೆ ಹೊರಟಿದ್ದರು, ಮನೆಯ ಕೀಲಿ ನಮ್ಮ ಕೈಗೇ ಕೊಟ್ಟರು. ಹೇಳಿದ್ದು ಒಂದೇ ಮಾತು: "ತಗದದ್ದು ತಗದಲ್ಲೇ ಇಡ್ರಿ ಯವ್ವಾ." ಹಿರಿಯರು ಎಲ್ಲಾ ಮನೆಯಲ್ಲೂ ಇದನ್ನೇ ಹೇಳುತ್ತಾರಲ್ಲ ಅಂತ ನಾವು ಹೂಂ ಅಂದೆವು.

ಹೊಲದಲ್ಲಿ ಬಿಳಿಜೋಳ ಎದೆಮಟ್ಟ ನಿಂತಿತ್ತು. ಒಂದು ಕಡೆ ತೊಗರಿ ಕೊಯ್ಲು ನಡೆದಿತ್ತು. ಮುಂಜಾನೆ ಬಾಯಿ ತೆರೆದರೆ ಹೊಗೆ ಬರುವಂಥ ಚಳಿ. ಎಂಟು ದಿನ ನಾವು ದೆವ್ವ ಹೊಕ್ಕವರ ಹಾಗೆ ದುಡಿದೆವು. ಕಾಲೇಜಿನ ಹಳೇ ಕಬ್ಬಿಣದ ಕಪಾಟನ್ನು ಟೆಂಪೋದಲ್ಲಿ ತರಿಸಿದೆವು. ನೋಟುಬುಕ್ಕುಗಳನ್ನು ಮಾಡಗಳಿಂದ ತೆಗೆದು ದೂಳು ಝಾಡಿಸಿ, ಓದಿ, ತವರಿನ ಹಾಡು ಹೆಚ್ಚಿದ್ದರೆ ಒಂದು ಕಡೆ, ದೇವರ ಹಾಡು ಹೆಚ್ಚಿದ್ದರೆ ಒಂದು ಕಡೆ, ಜೋಗುಳ ಒಂದು ಕಡೆ, ಹೀಗೆ ವಿಷಯವಾರು ವಿಂಗಡಿಸಿದೆವು. ಬೆನ್ನಿಗೆ ಸಂಖ್ಯೆ ಬರೆಯುವ ಕೆಲಸ ನನ್ನದು, ಅಕ್ಷರ ಚಂದ ಅಲ್ಲ! ಖಾಲಿಯಾದ ಮಾಡಗಳು ಬೋಳುಬೋಳು ಕಾಣಿಸಿದವು ಅಂತ ಹುಡುಗರು ಅವಕ್ಕೆ ಸುಣ್ಣ ಹಚ್ಚಿದರು.

ಮೇಡಂ ಮೊದಲೇ ಒಂದು ಎಚ್ಚರಿಕೆ ಕೊಟ್ಟಿದ್ದರು. ಯಾವ ನೋಟುಬುಕ್ಕು ಯಾವ ಕಲ್ಲಿನ ಹಿಂದೆ ಇತ್ತು ಅಂತ ಒಂದು ಚೀಟಿ ಬರೆದು ಅದರೊಳಗೇ ಇಡಬೇಕು, ಚೀಟಿ ಇದ್ದರೆ ಯಾವಾಗ ಬೇಕಾದರೂ ಇದ್ದಲ್ಲಿಗೇ ಇಡಬಹುದು. ಆ ಕೆಲಸವೂ ನನಗೇ ಬಂದಿತ್ತು. ನಾನು ಬರೆದಿದ್ದೆ. ಐವತ್ತೆಂಟೂ ಬರೆದಿದ್ದೆ. 'ಪಡಸಾಲೆ, ನಾಲ್ಕನೇ ಮಾಡ, ಅಂಚು ಒಡೆದ ಕಲ್ಲು.' 'ನಡುಮನೆ, ಎರಡನೇ ಮಾಡ, ಜಾಲಿ ಗೂಟದ ಕಲ್ಲು.' ಹೀಗೆ.

ಏಳನೇ ದಿನ ಕಪಾಟು ತುಂಬಿಸಿ ದೂರ ನಿಂತು ನೋಡಿದೆ. ಬೆನ್ನಿನ ಸಂಖ್ಯೆಗಳು ಸಾಲಾಗಿ ಎಷ್ಟು ಚಂದ ಕಂಡವು! ಆದರೆ ಮೇಲಿನಿಂದ ಚೀಟಿಗಳು ಹಣಿಕಿ ಹಾಕುತ್ತಿದ್ದವು, ಚಿಂದಿ ಚಿಂದಿ. ಮರುದಿನ ಮೇಡಂ ನೋಡಲು ಬರುವವರಿದ್ದರು. ಒಂದೊಂದಾಗಿ ಎಲ್ಲಾ ಚೀಟಿ ಕಿತ್ತೆ. ಇಟ್ಟುಕೊಂಡು ಒಂದು ಪುಸ್ತಕಕ್ಕೆ ಇಳಿಸಬಹುದಿತ್ತು. ಇಳಿಸಲಿಲ್ಲ. ಮುಂಜಾನೆ ನೀರೊಲೆಗೆ ಹಸಿ ತೊಗರಿ ಕಟ್ಟಿಗೆ ಹತ್ತದೆ ಹೊಗೆಯಾಡುತ್ತಿತ್ತು, ಆ ಚೀಟಿಗಳ ಕಟ್ಟನ್ನು ಒಲೆಯ ಬಾಯಿಗೆ ತುರುಕಿದೆ. ಮರೆತು ಮಾಡಿದ್ದಲ್ಲ, ಅವಸರದಲ್ಲಿ ಮಾಡಿದ್ದೂ ಅಲ್ಲ. ಇನ್ನು ಪ್ರತಿಯೊಂದಕ್ಕೂ ನಾನು ಕೊಟ್ಟ ಸಂಖ್ಯೆ ಇದೆ, ಗ್ರಂಥಾಲಯದಲ್ಲಿ ಪುಸ್ತಕಕ್ಕೆ ಅದೇ ವಿಳಾಸ, ಈ ಕಲ್ಲಿನ ಉಸಾಬರಿ ಯಾಕೆ ಅಂತ ಯೋಚಿಸಿಯೇ ಹಾಕಿದೆ. ನೀರು ಚೆನ್ನಾಗಿ ಕಾದಿತ್ತು, ಎಲ್ಲರೂ ಮಿಂದರು.

ಮೇಡಂ ಬಂದರು, ಕಪಾಟು ನೋಡಿ ನನ್ನ ಬೆನ್ನು ತಟ್ಟಿದರು. ನೀಲಾಳ ಮೊಬೈಲಿನಲ್ಲಿ ಎಲ್ಲರೂ ಫೋಟೊ ತೆಗೆಸಿಕೊಂಡೆವು. ಮೇಡಂ ಹೋದರು, ಆರು ಜನ ಅವರ ಜೊತೆಗೇ ಹೋದರು. ಮಾಸ್ತರರಿಗೆ ಕೀಲಿ ಒಪ್ಪಿಸಿ ಬರಲು ನಾನು, ನೀಲಾ ಉಳಿದೆವು.

ಎಳ್ಳಮಾಸಿಗೆ ಎರಡು ದಿನ ಇರುವಾಗ ಮಾಸ್ತರು ಮಗಳ ಕೈ ಹಿಡಿದು ಬಂದರು. ಕಣ್ಣಿಗೆ ಪಟ್ಟಿ. ಡಾಕ್ಟರು ಕೈಲಾದದ್ದು ಮಾಡಿದ್ದರಂತೆ, ಇವರೇ ತಡ ಮಾಡಿ ಹೋಗಿದ್ದರಂತೆ. ಇನ್ನು ಕಾಣುವುದಿಲ್ಲ. ಅದನ್ನು ಅವರೇ ಹೇಳಿದರು, ಮಳೆ ಬರುವುದಿಲ್ಲ ಅಂದಷ್ಟು ಸುಮ್ಮನೆ. "ಇರಲಿ ಬಿಡ್ರಿ. ನಾ ಓದಲಿಕ್ಕಿಲ್ಲ, ನೀವು ಓದಿ ಹೇಳ್ತೀರಿ. ತಗದ ಕೊಡೂದಂತೂ ನನ್ನ ಕೈಯಾಗ ಐತಲ್ಲ."

ಮಗಳ ಕೈ ಬಿಡಿಸಿಕೊಂಡು ಪಡಸಾಲೆಯ ಮೊದಲ ಕಲ್ಲಿನ ಮುಂದೆ ಕೂತರು. ಗೂಟ ಸವರಿದರು. ಮುಖ ಒಂದಿಷ್ಟು ಅರಳಿತು. ಕೈ ಹಿಂದೆ ಚಾಚಿ ಮಾಡದೊಳಗೆ ಹಾಕಿದರು. ಕೈ ಅಲ್ಲೇ ಆಡಿತು, ಮೂಲೆ ಮೂಲೆ ಹುಡುಕಿತು. ಹೊರಗೆ ತೆಗೆದಾಗ ಬೆರಳ ತುಂಬ ಸುಣ್ಣ. ಎರಡನೇ ಕಲ್ಲಿಗೆ ಹೋದರು, ಮೂರನೆಯದಕ್ಕೆ ಹೋದರು. ನಾನು ಬಡಬಡ ಮಾತಾಡತೊಡಗಿದೆ. ಕಪಾಟು ತಂದೇವ್ರಿ ಸರ, ವಿಷಯ ಪ್ರಕಾರ ಹೊಂದಿಸೇವ್ರಿ, ಸೂಚಿ ಮಾಡೇವ್ರಿ. ಅವರು ಪೂರಾ ಕೇಳಿದರು.

"ಚೀಟಿ ಇಟ್ಟೀರೇನು ತಂಗಿ? ಯಾವುದು ಯಾವ ಕಲ್ಲಿಂದಂತ?"

ನೀಲಾ ನನ್ನ ಮುಖ ನೋಡಿದಳು. ನಾನು ಚೀಟಿ ಬರೆಯುವುದನ್ನು ಆಕೆ ಕಂಡಿದ್ದಳು.

"ಇಲ್ರಿ ಸರ. ಚೀಟಿ ಬರಿಯೂದು ಮರತೇವ್ರಿ," ಅಂದೆ. ನೋಡ್ರಿ ನನ್ನ ನಾಲಿಗೆ. ಮರತೆ ಅನ್ನಲಿಲ್ಲ, ಮರತೇವು ಅಂದೆ. ನನ್ನ ಪಾಪಕ್ಕೆ ಏಳು ಜನರನ್ನು ಹೆಗಲು ಕೊಡಲು ಕರೆದೆ.

ಆಮೇಲೆ ಹಿತ್ತಲಲ್ಲಿ ನೀಲಾ ನನ್ನ ರಟ್ಟೆ ಹಿಡಿದು, "ಎಲ್ಲಿ ಒಗದಿ?" ಅಂದಳು. ಒಲೆ ತೋರಿಸಿದೆ. "ಥೂ ನಿನ್ನ!" ಅಂದು ಕೈ ಬಿಟ್ಟಳು. ಅಲ್ಲಿಂದ ಮುಂದೆ ನಾವಿಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣಲಿಲ್ಲ.

ಫೋಟೊ ನೆನಪಾಗಿ ಮೊಬೈಲು ತೆಗೆದೆವು. ಆ ಫೋಟೊ ತೆಗೆಸಿಕೊಂಡಾಗ ಮಾಡಗಳು ಆಗಲೇ ಖಾಲಿ. ಕಾರ್ತೀಕದಲ್ಲಿ ಮೊದಲ ಸಲ ಬಂದಾಗಿನದು ಒಂದಿತ್ತು, ಅದನ್ನು ದೊಡ್ಡದು ಮಾಡಿ ನೋಡಿದರೆ ಎಲ್ಲಾ ಮಾಡಗಳಿಗೂ ನಮ್ಮ ತಲೆಗಳೇ ಅಡ್ಡ, ಹಲ್ಲು ಕಿಸಿದ ಎಂಟು ತಲೆ. ಎರಡು ದಿನ ನಾವು ಒಂದೊಂದೇ ನೋಟುಬುಕ್ಕಿನಿಂದ ಓದುತ್ತ ಹೋದೆವು, ಮಾಸ್ತರು ಕಿವಿಗೊಟ್ಟು ಕೂತರು. ಎಲ್ಲಾ ಒಂದೇ ನಮೂನೆಯ ನೋಟುಬುಕ್ಕು, ಎಲ್ಲಾ ಅವರದೇ ಕೈಬರಹ. ಹಾಡುಗಳೂ ಮನೆಯಿಂದ ಮನೆಗೆ ಹರಿದಾಡಿದವು, ಇವಳ ಹಾಡು ಅವಳ ಬಾಯಲ್ಲಿ. ಹನ್ನೊಂದಕ್ಕೆ ಮಾತ್ರ ಅವರು ಗಟ್ಟಿಯಾಗಿ ಕಲ್ಲು ಹೇಳಿದರು. ಉಳಿದವಕ್ಕೆ, "ಇದು ಅಕೀದು ಇರಬೇಕು... ಇಲ್ಲ, ಇಲ್ಲ," ಅಂದು ಹಣೆ ಒತ್ತಿಕೊಂಡರು. ಸಿಟ್ಟು ಮಾಡಲಿಲ್ಲ, ಒಂದು ಮಾತು ಬೈದಿದ್ದರೆ ಪುಣ್ಯ ಬರುತ್ತಿತ್ತು. ಸಂಜೆ ಮಗಳಿಗೆ ಅಂದದ್ದು ಮಾತ್ರ ಕೇಳಿಸಿತು: "ಕಣ್ಣ ಹೋದದ್ದು ಮೊನ್ನಿ ಅಲ್ಲವ್ವಾ, ಇವತ್ತು."

ಎಳ್ಳಮಾಸಿಯ ದಿನ ಊರೆಲ್ಲ ಬುತ್ತಿ ಕಟ್ಟಿಕೊಂಡು ಚರಗ ಚೆಲ್ಲಲು, ಭೂತಾಯಿಗೆ ಎಡೆ ಕೊಡಲು ಹೊಲಕ್ಕೆ ಹೋಯಿತು. ಆ ಮನೆಯಿಂದ ಯಾರೂ ಹೋಗಲಿಲ್ಲ. ಮರುದಿನ ಹೊತ್ತೇರುವ ಮುಂಚೆ ಆಲಮೇಲದ ಕಾಶವ್ವ ಬಂದಳು. ಆ ಎಡಗೈಯ ಮುದುಕಿಯ ಮಗಳು ಆಕೆ. ತಾಯಿ ಸತ್ತ ಮೇಲೆ ಪ್ರತಿ ವರ್ಷ ಎಳ್ಳಮಾಸಿಯ ಮರುದಿನ ಎರಡು ಬಸ್ಸು ಬದಲಿಸಿ ಬರುತ್ತಿದ್ದಳಂತೆ. ಕಲ್ಲಿನ ಮೇಲೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಎಡೆ ಇಟ್ಟು ಕೂರುವಳು, ಮಾಸ್ತರು ಆ ನೋಟುಬುಕ್ಕು ತೆಗೆದು ಓದುವರು. ಆಕೆಗೆ ಓದು ಬಾರದು. ತಾಯಿಯದು ಅಂತ ಒಂದು ಫೋಟೊ ಕೂಡ ಇರಲಿಲ್ಲ. ಆಕೆಗೆ ತಾಯಿ ಉಳಿದದ್ದು ಆ ಕಲ್ಲು, ಆ ನೋಟುಬುಕ್ಕು ಅಷ್ಟೇ.

ಗುರುತು ಹತ್ತಿದ ಹನ್ನೊಂದರಲ್ಲಿ ಅದು ಇರಲಿಲ್ಲ. ಮಾಸ್ತರು ತಲೆ ತಗ್ಗಿಸಿ ಇದ್ದದ್ದನ್ನು ಇದ್ದಹಾಗೆ ಹೇಳಿದರು. ನಮ್ಮ ಹೆಸರು ಎತ್ತಲಿಲ್ಲ. "ಕಲಸಿ ಹೋಗ್ಯಾವ ಕಾಶವ್ವ, ನನ್ನ ಅಲಕ್ಷ್ಯ" ಅಂದರು.

"ಅಯ್ಯ, ಅದರಾಗೇನೈತ್ರಿ ಮಾಸ್ತರ. ಓದ್ರಿ, ಕೇಳಿದ್ರ ಗುರುತ ಹತ್ತತೈತಿ," ಅಂದಳು ಆಕೆ.

ನಾನು ಓದತೊಡಗಿದೆ. ಒಂದು ನೋಟುಬುಕ್ಕಿನಿಂದ ಹತ್ತು ಹಾಡು, ಇನ್ನೊಂದರಿಂದ ಹತ್ತು. ಪ್ರತಿ ಸಲ ಆಕೆಯ ಮುಖ ನೋಡುವುದು. ಆಕೆ ಕಲ್ಲಿನ ಮೇಲೆ ಕೈ ಇಟ್ಟು ಕೂತಿದ್ದಳು. "ಇದನ್ನ ಹಾಡತಿದ್ಲು ಅನಸ್ತೈತಿ... ಆದ್ರ ಇದನ್ನ ಎಲ್ಲಾರೂ ಹಾಡತಿದ್ರು." ಸ್ವಲ್ಪ ಹೊತ್ತಾದ ಮೇಲೆ, "ಎಲ್ಲಾರ ತವರೂ ಒಂದಽ, ಎಲ್ಲಾರ ಅತ್ತಿನೂ ಒಂದಽ ನೋಡು ತಂಗಿ." ಆಮೇಲೆ ತನ್ನನ್ನೇ ಬೈದುಕೊಂಡಳು: "ನಾನಽ ಹುಚ್ಚಿ. ವರ್ಷಾ ಮಾಸ್ತರ ಓದತಿದ್ರು, ನಾ ಅಳಕೋತ ಕುಂಡ್ರತಿದ್ನಿ. ಹಾಡಿನ ಕಡೆ ಲಕ್ಷ್ಯ ಎಲ್ಲಿತ್ತು?"

ಹೊತ್ತು ಇಳಿಯಿತು. ತಾಳಿಕೋಟೆಗೆ ಹೋಗುವ ಟಂಟಂ ಹೊರಗೆ ಹಾರ್ನು ಹೊಡೆಯಿತು. ನನ್ನ ದನಿ ಒಡೆದಿತ್ತು, ಅಕ್ಷರ ಕಾಣಿಸದಷ್ಟು ಕಣ್ಣು ತುಂಬಿತ್ತು. ಮಾಸ್ತರು ಗೋಡೆಗೆ ಮುಖ ಮಾಡಿ ಕೂತಿದ್ದರು. ಆಗ ಕಾಶವ್ವ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಸಾಕು ಯವ್ವಾ. ಇದಽ ನಮ್ಮವ್ವಂದು. ಗುರುತ ಹತ್ತಿತು."

ನೋಟುಬುಕ್ಕನ್ನು ಕಣ್ಣಿಗೆ ಒತ್ತಿಕೊಂಡಳು, ನಮ್ಮೆಲ್ಲರ ಕೈಗೆ ಹೋಳಿಗೆ ಇಟ್ಟಳು, ಗಂಟು ಕಟ್ಟಿ ಹೊರಟಳು. ನಾನು ಆ ನೋಟುಬುಕ್ಕಿನ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಮಾಡಿ ಎಡಗೈಯ ಕಲ್ಲಿನ ಹಿಂದಿನ ಮಾಡದಲ್ಲಿ ಇಟ್ಟೆ. ಹನ್ನೊಂದರ ಜೊತೆ ಇದೊಂದು, ಹನ್ನೆರಡು. ಮಾಸ್ತರು ಆ ಕಲ್ಲನ್ನು ಬರಿದೇ ಒಂದು ಸುತ್ತು ತಿರುಗಿಸಿದರು.

ಆ ವರ್ಷ ಪ್ರಾಯೋಗಿಕದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ನನಗೇ ಬಂದವು. ನೌಕರಿಯೂ ಬೇಗ ಸಿಕ್ಕಿತು. ಮಾಸ್ತರು ಅದಾದ ಎರಡು ವರ್ಷಕ್ಕೆ ತೀರಿಕೊಂಡರು. ನಡುವೆ ಒಮ್ಮೆ ಎಲ್ಲಾ ಹೇಳಿಬಿಡಬೇಕು ಅಂತ ಅವರ ಮನೆಗೆ ಹೋಗಿದ್ದೆ. ಚಹಾ ಕುಡಿದೆ, ಆರೋಗ್ಯ ವಿಚಾರಿಸಿದೆ, ಕಾಲು ಮುಟ್ಟಿ ಬಂದೆ. ಹೇಳಲಿಲ್ಲ. ಕಾಶವ್ವನದಾದರೂ ಮನೆ ಸೇರಿತಲ್ಲ ಅನ್ನುವುದೊಂದೇ ನನಗೆ ಇಷ್ಟು ವರ್ಷ ನಿದ್ದೆ ಕೊಟ್ಟದ್ದು.

ಈ ವರ್ಷ ಮಳೆಗೆ ಆ ಮಾಳಿಗೆ ಕುಸಿಯಿತು. ಮಾಸ್ತರರ ಮಗಳು ಕಲ್ಲುಗಳನ್ನು ಅವುಗಳ ಮನೆಯವರಿಗೆ ಒಯ್ಯಿರಿ ಅಂತ ಹೇಳಿ ಕಳಿಸಿದಳು, ಒಯ್ದವರು ಕಮ್ಮಿ. ನೋಟುಬುಕ್ಕುಗಳೆಲ್ಲ ಕಲಸಿ ಒಂದು ಟ್ರಂಕಿನಲ್ಲಿ ತುಂಬಿ ನನ್ನ ಗ್ರಂಥಾಲಯಕ್ಕೆ ತಂದಿಟ್ಟಳು, "ನಿಮ್ಮ ಅಕ್ಷರಽ ಅದಾವಲ್ರಿ ಅದರ ಮ್ಯಾಲ" ಅಂದಳು. ದಾಖಲೆ ಪುಸ್ತಕಕ್ಕೆ ಹಚ್ಚುತ್ತ ಕೂತೆ. ಕರ್ತೃ ಅನ್ನುವ ಕಾಲಮಿನಲ್ಲಿ ಐವತ್ತೆಂಟು ಸಲ ಏನೂ ಬರೆಯಲಾಗದೆ ಗೆರೆ ಎಳೆದೆ.

ಮೊನ್ನೆ ಸೋಮವಾರ ಒಬ್ಬ ಹೆಣ್ಣುಮಗಳು ಬಂದು ಮೇಜಿನ ಮುಂದೆ ನಿಂತಳು. ಆಲಮೇಲದ ಕಾಶವ್ವನ ಮಗಳು, ಮಾದೇವಿ. ಕಾಶವ್ವ ಹೋದ ವರ್ಷ ತೀರಿಕೊಂಡಳಂತೆ.

"ನಮ್ಮ ಆಯಿ, ಅವ್ವನ ತಾಯಿ, ಆಕಿ ಕಲ್ಲು ಮನಿಗೆ ತಂದೇನ್ರಿ. ಅದರ ಪುಸ್ತಕ ನಿಮ್ಮಲ್ಲಿ ಐತಂತ."

ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಓಡಿಹೋಗಿ ಪೆನ್ಸಿಲಿನ ಗುರುತಿದ್ದದ್ದನ್ನು ತಂದು ಆಕೆಯ ಮುಂದಿಟ್ಟೆ. ಆಕೆ ಮುಟ್ಟಲಿಲ್ಲ.

"ಇದಲ್ರಿ. ಇದು ಆಯಿದಲ್ಲ ಅಂತ ಅವ್ವ ಹೇಳಿದ್ಲು. ಅವತ್ತ ಓದೂ ಹುಡುಗಿ ಅಳಾಕತ್ತಿತ್ತಂತ, ಮಾಸ್ತರ ಕಳ್ಳರಂಗ ತಲಿ ಕೆಳಗ ಹಾಕಿ ಕುಂತಿದ್ರಂತ. ಅದಕ್ಕ, ಇದಽ ಅಂತ ಅಂದು ಎದ್ದು ಬಂದ್ನಿ ಅಂದ್ಲು. ಮನಿಗೆ ಬಂದು ಮೂರ ದಿನ ಉಣಲಿಲ್ಲ ನೋಡ್ರಿ ಆಕಿ."

ಗಿರಣಿ ಶುರುವಾಗಿತ್ತು. ನಾನು ಕೂತಲ್ಲಿಂದ ಏಳಲಿಲ್ಲ. ಓದು ಬಾರದ ಆ ಹೆಂಗಸಿನ ತಾಯಿಯನ್ನು ಕಳೆದವಳು ನಾನು, ಆಕೆ ನನಗೆ ಸಮಾಧಾನ ಕೊಟ್ಟು ಹೋಗಿದ್ದಳು. ಹನ್ನೆರಡು ವರ್ಷ ಅದನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದೆನಲ್ಲ, ನನ್ನ ಜನ್ಮಕ್ಕಿಷ್ಟು.

"ಆ ಹುಡುಗಿ ನಾನಽ," ಅಂದೆ. "ಚೀಟಿ ಬರದಿದ್ನಿ. ಯಾವ ಪುಸ್ತಕ ಯಾವ ಕಲ್ಲಿಂದಂತ ಎಲ್ಲಾ ಬರದಿದ್ನಿ. ನಾನಽ ಒಲಿಗೆ ಹಾಕೀನಿ. ಯಾರಿಗೂ ಹೇಳಿಲ್ಲ."

ಮಾದೇವಿ ಪರವಾಗಿಲ್ಲ ಅನ್ನಲಿಲ್ಲ. ಬೈಯಲೂ ಇಲ್ಲ. ಕುರ್ಚಿ ಎಳೆದುಕೊಂಡು ಕೂತಳು.

"ಎಷ್ಟ ಅದಾವ್ರಿ ಎಲ್ಲಾ?"

"ಐವತ್ತೆಂಟು."

"ನಮ್ಮ ಆಯಿದು ಅದರಾಗಽ ಐತಿ ಹೌದಿಲ್ರಿ?"

"ಐತಿ."

"ಹಂಗಾದ್ರ ಎಲ್ಲಾ ಓದ್ರಿ. ವಾರಕ್ಕೊಂದ. ನಾ ಬರ್ತೇನಿ."

ಅಂದೇ ಮೊದಲನೆಯದನ್ನು ತೆಗೆದೆ. ಸಂಜೆಯ ಆಲಮೇಲ ಬಸ್ಸು ಹೊರಡುವ ತನಕ ಓದಿದೆ. ಮುದುಕರು ಪೇಪರು ಮಡಿಸಿಟ್ಟು ಕೇಳಿದರು. ಮುಗಿದ ಮೇಲೆ ರೂಢಿಯಂತೆ ತಲೆಯೆತ್ತಿ ಆಕೆಯ ಮುಖ ನೋಡಿದೆ. ಗುರುತು ಹತ್ತಿತೇ? ಹೇಗೆ ಹತ್ತಬೇಕು? ಆ ಆಯಿ ಹಾಡಿದ್ದನ್ನು ಕೇಳಿ ಬಲ್ಲವರು ಯಾರೂ ಉಳಿದಿಲ್ಲ. ಈಗ ಓದಿದ್ದೇ ಆಯಿಯದಾಗಿದ್ದರೂ ನಮ್ಮಿಬ್ಬರಿಗೂ ತಿಳಿಯುವ ಹಾದಿ ಇಲ್ಲ.

ಮಾದೇವಿ ಎದ್ದು ಸೆರಗು ಝಾಡಿಸಿಕೊಂಡಳು.

"ಬರೂ ಸೋಮವಾರ ಮುಂದಿಂದು ತಗದ ಇಟ್ಟಿರ್ರಿ," ಅಂದಳು.